ಕುಮಾರಿ ಪಂಕಜಾಕ್ಷಿಯ ಸನ್ಮಾನ ಸಭೆ

ಪೆಜಕೋಡಿಯಲ್ಲಿ ಇಬ್ಬರು ಎದುರಾದರೆ ಅದು ಮಾತುಕತೆ, ಮೂವರಾದರೆ ಸಭೆ. ಸಭೆಯೆಂದ ಮೇಲೆ ಒಬ್ಬರು ಸ್ವಾಗತಿಸಬೇಕು, ಒಬ್ಬರು ಅಧ್ಯಕ್ಷತೆ ವಹಿಸಬೇಕು, ಒಬ್ಬರು ವಂದಿಸಬೇಕು, ಕೇಳುವವರಿಲ್ಲದಿದ್ದರೂ ನಡೆಯುತ್ತದೆ. ಪುತ್ತೂರಿನಿಂದ ಸವಣೂರು ದಾಟಿ ಬೆಳ್ಳಾರೆಯ ಕಡೆಗೆ ಹೋಗುವ ಮಣ್ಣುರಸ್ತೆಯ ಮೇಲಿದ್ದ ಆ ಊರಿಗೆ ಒಂದು ಶಾಲೆ, ಎರಡು ಚಹಾದಂಗಡಿ, ಮರಕ್ಕೆ ಹೊಡೆದ ಒಂದು ಅಂಚೆ ಪೆಟ್ಟಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಸಭೆಗಳಿಗೆ ಕೊರತೆಯಿರಲಿಲ್ಲ. ತೋಡು ದಾಟಲು ಮರದ ಸಂಕ ಹಾಕಿದರೆ ಸಭೆ. ಮಳೆಗೆ ಆ ಸಂಕ ಕೊಚ್ಚಿಹೋದರೆ ಅದು ಯಾಕೆ ಹೋಯಿತೆಂದು ವಿಚಾರಿಸಲು ಇನ್ನೊಂದು ಸಭೆ.

ಈ ಸಭೆಗಳಲ್ಲೆಲ್ಲ ವಂದನಾರ್ಪಣೆ ಮಾಡುವವರು ಸರ್ವೋತ್ತಮ ಮಾಸ್ಟ್ರು. ಹನ್ನೊಂದು ವರ್ಷಗಳ ಹಿಂದೆ ಅವರು ಶಾಲೆಗೆ ಸೇರಿದಾಗ ಎಲ್ಲರಿಗಿಂತ ಕಿರಿಯರೆಂಬ ಕಾರಣಕ್ಕೆ ಅದನ್ನು ಅವರ ತಲೆಗೆ ಕಟ್ಟಿದ್ದರು. ಅವರ ನಂತರ ಯಾರೂ ಸೇರಲಿಲ್ಲವಾದ್ದರಿಂದ ಮಾಸ್ಟ್ರು ಕಿರಿಯರಾಗಿಯೇ ಉಳಿದರು. ವಂದಿಸುವವನ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಅವರು ವೇದಿಕೆಯ ಮೂಲೆಯ ಸ್ಟೂಲಿನಿಂದ ಎದ್ದು ಮೇಜಿನತ್ತ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನ ಸಾಲಿನವರು ಮುಂಡಿನ ಧೂಳು ಕೊಡವಿಕೊಂಡು ಎದ್ದಿರುತ್ತಿದ್ದರು. ‘ಮಾನ್ಯ ಅಧ್ಯಕ್ಷರೇ’ ಎನ್ನುವಾಗ ಹೆಂಗಸರು ಮಕ್ಕಳ ಕೈ ಹಿಡಿದಾಗಿರುತ್ತಿತ್ತು. ಮೂರನೆಯ ಹೆಸರಿಗೆ ಬರುವಾಗ ಬಾಡಿಗೆ ಕುರ್ಚಿಗಳನ್ನು ಮಡಚುವ ಸದ್ದು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರಾದ್ದರಿಂದ ಮಾಸ್ಟ್ರು ಇದನ್ನು ಅವಮಾನವೆಂದು ತಿಳಿಯದೆ ಪ್ರಕೃತಿ ನಿಯಮವೆಂಬಂತೆ ಗಮನಿಸಿದ್ದರು: ತಾನು ಎದ್ದಲ್ಲಿಂದ ಚಪ್ಪರ ಅರ್ಧ ಖಾಲಿಯಾಗಲು ಎರಡು ನಿಮಿಷ, ಪೂರ್ತಿ ಖಾಲಿಯಾಗಲು ನಾಲ್ಕು. ಮೋಡ ಕಟ್ಟಿದ್ದರೆ ಇನ್ನೂ ಬೇಗ.

ಅರವತ್ತನೆಯ ಇಸವಿಯಲ್ಲಿ, ಸೆಕೆ ಏರತೊಡಗಿದ್ದ ದಿನಗಳಲ್ಲಿ, ಅವರ ಒಬ್ಬಳೇ ಮಗಳು ಐದು ವರ್ಷದ ಪಂಕಜಾಕ್ಷಿಗೆ ಟೈಫಾಯ್ಡ್ ಆಯಿತು. ಊರಿನ ಕಷಾಯಗಳಿಗೆಲ್ಲ ಒಂದೊಂದು ಅವಕಾಶ ಕೊಟ್ಟು, ಜ್ವರ ನೂರನಾಲ್ಕಕ್ಕೆ ಏರಿದ ಮೇಲೆ ಮಂಗಳೂರಿನ ಆಸ್ಪತ್ರೆಗೆ ಒಯ್ದರು. ಹೊರಡುವಾಗ ಪಂಚಾಯತಿನ ಚೇರ್ಮನ್ ಚೆನ್ನಕೇಶವ ಧಣಿಗಳು ಒಂದು ಕಾಗದ ಬರೆದುಕೊಟ್ಟಿದ್ದರು: ‘ಇದನ್ನು ತರುವವರ ಮಗುವಿಗೆ ಒಂದು ಮಂಚ ದಯಪಾಲಿಸುವುದು.’ ಧಣಿಗಳು ಬರೇ ಚೇರ್ಮನ್ ಅಲ್ಲ, ಶಾಲೆಯ ಮ್ಯಾನೇಜರರೂ ಹೌದು. ಮಾಸ್ಟ್ರುಗಳ ಕೆಲಸ ಕೊಡುವುದೂ ಬಿಡಿಸುವುದೂ ಅವರ ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಮಂಚ ಖಾಲಿಯೇ ಇತ್ತು. ಮಗುವಿನ ಮೈ ಮುಟ್ಟಿ ನೋಡಿದ ನರ್ಸಮ್ಮ ಕಾಗದವನ್ನು ಬಿಡಿಸದೆ ಕಿಟಕಿಯ ಹಲಗೆಯ ಮೇಲಿಟ್ಟು, ಅದರ ಮೇಲೆ ಮದ್ದು ಅಳೆಯುವ ಗ್ಲಾಸು ಇಟ್ಟಳು. ಅದು ಅಲ್ಲಿಂದ ಮತ್ತೆ ಏಳಲಿಲ್ಲ.

ಪೆಜಕೋಡಿಯಲ್ಲಿ ಮಾತ್ರ ಕಾಗದ ಬೆಳೆಯುತ್ತಾ ಹೋಯಿತು. ಮೊದಲ ವಾರ ಅದು ಕಾಗದವಾಗಿಯೇ ಇತ್ತು. ಎರಡನೆಯ ವಾರ ತಂತಿಯಾಯಿತು. ಮೂರನೆಯ ವಾರದ ಹೊತ್ತಿಗೆ ಧಣಿಗಳು ಸ್ವತಃ ಮಂಗಳೂರಿಗೆ ಹೋಗಿ, ದೊಡ್ಡ ಡಾಕ್ಟರರ ಮೇಜಿಗೆ ಗುದ್ದಿ, ‘ನಮ್ಮ ಮಾಸ್ಟ್ರ ಮಗುವಿಗೆ ಏನಾದರೂ ಆದರೆ ನೋಡಿ’ ಎಂದು ಹೇಳಿ ಬಂದಿದ್ದರು. ಹಾಗೆಂದು ಧಣಿಗಳು ಎಲ್ಲಿಯೂ ಹೇಳಿರಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ ಹೇಳಿದಾಗ ಅಲ್ಲಗಳೆಯದೆ ಮೀಸೆ ನೀವಿಕೊಂಡಿದ್ದರು, ಅಷ್ಟೇ.

ಇಪ್ಪತ್ತನಾಲ್ಕನೆಯ ದಿನ ಡಾಕ್ಟರು ಮನೆಗೆ ಕಳಿಸುವ ಮೊದಲು ಸರ್ವೋತ್ತಮ ಮಾಸ್ಟ್ರನ್ನೂ ಅವರ ಹೆಂಡತಿ ಈಶ್ವರಿಯನ್ನೂ ಎದುರಿಗೆ ನಿಲ್ಲಿಸಿಕೊಂಡು, ಚೀಟಿಯ ಹಿಂಬದಿಯಲ್ಲಿ ಒಂದು ಕೊಳವೆಯ ಚಿತ್ರ ಬರೆದರು.

“ಇದು ಕರುಳು. ಜ್ವರ ಬಿಟ್ಟಿದೆ, ಒಳಗಿನ ಹುಣ್ಣು ಮಾಗಿಲ್ಲ. ಗೋಡೆ ಒದ್ದೆ ಕಾಗದದಷ್ಟು ತೆಳ್ಳಗೆ ಉಂಟು. ಇನ್ನು ಹದಿನಾಲ್ಕು ದಿನ ಗಂಜಿತಿಳಿ, ಹಾಲು, ಬಾರ್ಲಿ ನೀರು. ಗಟ್ಟಿ ಒಂದು ಚೂರೂ ಹೋಗಬಾರದು. ಹೋಗಿ ತೂತಾದರೆ ಮತ್ತೆ ಇಲ್ಲಿಗೆ ತರಬೇಡಿ.”

“ಮತ್ತೆ ಎಲ್ಲಿಗೆ ತರಬೇಕು?” ಎಂದು ಈಶ್ವರಿ ಮುಗ್ಧವಾಗಿ ಕೇಳಿದಳು.

ಡಾಕ್ಟರು ಚೀಟಿಯನ್ನು ಮಾಸ್ಟ್ರ ಕೈಗೆ ಕೊಟ್ಟರು. ಮಾಸ್ಟ್ರು ಆ ಚೀಟಿಯನ್ನು ಮಡಚಿ ಅಂಗಿಯ ಒಳಗಿನ ಕಿಸೆಯಲ್ಲಿಟ್ಟುಕೊಂಡರು. ಪುತ್ತೂರಿನವರೆಗಿನ ಬಸ್ಸಿನಲ್ಲಿ ಅದು ಎದೆಗೆ ಒತ್ತುತ್ತಲೇ ಇತ್ತು.

ಟೈಫಾಯ್ಡ್ ಬಿಟ್ಟ ಮಗುವಿನ ಹಸಿವು ಸಾಮಾನ್ಯದ್ದಲ್ಲ. ಇಪ್ಪತ್ತನಾಲ್ಕು ದಿನ ಬಾಡಿದ್ದ ದೇಹ ಒಮ್ಮೆಗೇ ಎಲ್ಲವನ್ನೂ ವಸೂಲು ಮಾಡಲು ಹೊರಡುತ್ತದೆ. ಮಾಸ್ಟ್ರ ತೊಡೆಯ ಮೇಲೆ ಹಕ್ಕಿಮರಿಯಂತೆ ಕುಳಿತಿದ್ದ ಪಂಕು ಬಿ.ಸಿ.ರೋಡಿನಲ್ಲಿ ನೆಲಗಡಲೆ ಕೇಳಿದಳು, ಮಾಣಿಯಲ್ಲಿ ಬನ್ನು ಕೇಳಿದಳು, ಪುತ್ತೂರಿನಲ್ಲಿ ಇಳಿಯುವಾಗ ಎದುರಿನ ಸೀಟಿನ ಹೆಂಗಸಿನ ಬುಟ್ಟಿಯನ್ನೇ ತೋರಿಸಿ, ಅದರಲ್ಲಿ ಏನಿದೆಯೆಂದು ತಿಳಿಯದೆ, “ಅದು ಬೇಕು” ಎಂದಳು. ಅದರಲ್ಲಿದ್ದದ್ದು ಕೋಳಿ.

ಪುತ್ತೂರಿನಲ್ಲಿ ಕುಂಞಿ ಮೋನು ತನ್ನ ಹಳೆಯ ಕಾರಿನೊಂದಿಗೆ ಕಾದಿದ್ದ. ಪೆಜಕೋಡಿಯ ಸುತ್ತುಮುತ್ತಲಿನಲ್ಲಿ ಬಾಡಿಗೆಗೆ ಸಿಗುತ್ತಿದ್ದ ಕಾರು ಅದೊಂದೇ. ಮಾಸ್ಟ್ರೂ ಅವನೂ ಒಂದೇ ಬೆಂಚಿನಲ್ಲಿ ಐದನೆಯವರೆಗೆ ಓದಿದವರು.

“ಹತ್ತಿ ಮಾಸ್ಟ್ರೆ. ಧಣಿಗಳು ಕಳ್ಸಿದ್ದು. ಅಕ್ಕಾ, ಆ ಬಾಗಿಲನ್ನು ಒಳಗಿಂದ ಕೈಯಲ್ಲಿ ಹಿಡ್ಕೊಳ್ಳಿ, ತಿರುವಿನಲ್ಲಿ ಅದು ಹೊರಗೆ ನೋಡ್ಲಿಕ್ಕೆ ಹೋಗ್ತದೆ.”

ಧಣಿಗಳ ಔದಾರ್ಯಕ್ಕೆ ಮಾಸ್ಟ್ರ ಕಣ್ಣು ತೇವವಾಯಿತು. ಅರ್ಧ ದಾರಿಯವರೆಗೆ ತೇವವಾಗಿಯೇ ಇತ್ತು.

“ನಾಲ್ಕು ಗಂಟೆಗೆ ಮಗುವಿಗೆ ಗಂಜಿ ಆಗ್ಬೇಕು ಮೋನು. ನೇರ ಮನೆಗೆ ಬಿಡು.”

“ಮನೆಗೆ ಹೋಗುದು ಮತ್ತೆ. ಮೊದಲು ಶಾಲೆಗೆ. ಚಪ್ಪರ ಹಾಕಿದ್ದಾರೆ.”

“ಚಪ್ಪರ ಎಂತದಕ್ಕೆ?”

“ಸನ್ಮಾನ. ನಿಮ್ಮ ಪಂಕುವಿಗೆ.”

ಹಿಂದಿನ ಸೀಟಿನಿಂದ ಈಶ್ವರಿ ಮುಂದೆ ಬಾಗಿದಳು. “ಸನ್ಮಾನ ಮಾಡ್ಲಿಕ್ಕೆ ಇವಳು ಎಂತ ಮಾಡಿದ್ದಾಳೆ?”

“ಸಾಯ್ಲಿಲ್ಲ ಅಲ್ವಾ ಅಕ್ಕಾ, ಅದು ಸಣ್ಣ ಕೆಲಸವಾ? ನಮ್ಮ ಊರಲ್ಲಿ ಇದಕ್ಕಿಂತ ಕಮ್ಮಿ ಮಾಡಿದವರಿಗೆಲ್ಲ ಶಾಲು ಹೊದೆಸಿದ್ದಾರೆ.” ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಕುಂಞಿ ಮೋನು ಇನ್ನೊಂದು ಕೈಯಿಂದ ಗುಲಾಬಿ ಬಣ್ಣದ ಆಮಂತ್ರಣ ಪತ್ರಿಕೆಯೊಂದನ್ನು ಮಾಸ್ಟ್ರತ್ತ ಚಾಚಿದ. “ನೋಡಿ, ಪುತ್ತೂರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕ್ಸಿದ್ದು.”

ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ‘ವಿಷಮಜ್ವರದ ಬಗ್ಗೆ ನಾಲ್ಕು ಮಾತು’, ಬಿನ್ನವತ್ತಳೆ ಓದಿ ಸಮರ್ಪಿಸುವುದು. ಮಾಸ್ಟ್ರ ಕಣ್ಣು ಆರನೆಯ ಸಾಲಿನಲ್ಲಿ ನಿಂತಿತು. ‘ಅಧ್ಯಕ್ಷರು ಕುಮಾರಿ ಪಂಕಜಾಕ್ಷಿಗೆ ಸ್ವಹಸ್ತದಿಂದ ಲಾಡು ತಿನ್ನಿಸುವುದು ಮತ್ತು ಭಾವಚಿತ್ರ.’ ಏಳನೆಯದು ಅಧ್ಯಕ್ಷ ಭಾಷಣ. ಎಂಟನೆಯದು ವಂದನಾರ್ಪಣೆ, ಶ್ರೀ ಸರ್ವೋತ್ತಮ ಮಾಸ್ಟ್ರು.

“ಲಾಡು,” ಎಂದರು ಮಾಸ್ಟ್ರು, ಬಾಯಿ ಒಣಗಿ.

“ಲಾಡು!” ಎಂದಳು ಪಂಕು, ಬಾಯಲ್ಲಿ ನೀರೂರಿ.

“ತಾಲೂಕು ಬೋರ್ಡಿನ ಓಟು ಬರ್ತಾ ಉಂಟಲ್ಲ ಮಾಸ್ಟ್ರೆ. ಆ ಫೋಟೋ ಓಟಿನ ಕಾಗದದಲ್ಲಿ ಹಾಕ್ಲಿಕ್ಕೆ. ಲಾಡು ಸಣ್ಣದಾದ್ರೆ ಫೋಟೋದಲ್ಲಿ ಕಾಣುದಿಲ್ಲ ಅಂತ ಫೋಟೋದವ ಹೇಳಿದ್ದಕ್ಕೆ ಮೂಸಂಬಿಯಷ್ಟು ದೊಡ್ಡದು ಕಟ್ಟಿಸಿದ್ದಾರೆ.”

ಶಾಲೆಯ ಅಂಗಳದಲ್ಲಿ ನಿಜಕ್ಕೂ ಚಪ್ಪರವಿತ್ತು, ಬಣ್ಣದ ಕಾಗದದ ತೋರಣವಿತ್ತು, ಬ್ಯಾಟರಿಯ ಮೈಕಿತ್ತು. ಕಪ್ಪು ಬಟ್ಟೆ ಹೊದ್ದ ಮೂರು ಕಾಲಿನ ಕ್ಯಾಮೆರಾ ಇತ್ತು. ಕಾರು ನಿಂತದ್ದೇ ಬ್ಯಾಂಡಿನವನು ಡೋಲು ಬಡಿದ. ಪಂಕುವನ್ನು ಯಾರೋ ಎತ್ತಿಕೊಂಡು ಹೋಗಿ ಅಧ್ಯಕ್ಷರ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಗೊಂಡೆಹೂವಿನ ಹಾರ ಹಾಕಿದಾಗ ಅದು ಕುತ್ತಿಗೆಯಿಂದ ಇಳಿದು, ಮಡಿಲು ತುಂಬಿ, ಪಾದ ದಾಟಿ ಕುರ್ಚಿಯ ಕೆಳಗೆ ನೇತಾಡಿತು. ಮೇಜಿನ ಮೇಲೆ ಬೆಳ್ಳಿಯ ತಟ್ಟೆಯಲ್ಲಿ ಲಾಡು ಕೂತಿತ್ತು. ಕಲ್ಲುಸಕ್ಕರೆಯ ಚೂರುಗಳೂ ಲವಂಗವೂ ಅದರ ಮೈಯಿಂದ ಇಣುಕುತ್ತಿದ್ದವು. ಪಂಕು ಹಾರದ ಮೇಲಿಂದ ಅದನ್ನೇ ನೋಡುತ್ತಿದ್ದಳು.

ಮಾಸ್ಟ್ರು ಮೊದಲು ಹೆಡ್‌ಮಾಸ್ಟ್ರು ಸುಂದರ ರಾಯರನ್ನು ಬದಿಗೆ ಕರೆದು ವಿಷಯ ಹೇಳಿದರು. ರಾಯರು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಪರಿಶೀಲಿಸಿದರು.

“ಅಚ್ಚಾಗಿ ಹೋಗಿದೆ ಮಾಸ್ಟ್ರೆ. ಅಚ್ಚಾದ್ದನ್ನು ಹೇಗೆ ಬಿಡುದು? ಮೊದಲೇ ಹೇಳ್ಬಾರ್ದಾ?”

“ಮೊದಲು ಅಂದ್ರೆ ಯಾವಾಗ? ನಾನು ಈಗ ಬಂದದ್ದಲ್ವಾ?”

“ಅದೂ ಹೌದು,” ಎಂದು ಒಪ್ಪಿಕೊಂಡು ರಾಯರು ಪ್ರಾರ್ಥನೆಯ ಹುಡುಗಿಯರನ್ನು ಹುಡುಕಲು ಹೋದರು.

ಧಣಿಗಳ ಹತ್ತಿರ ಹೋಗುವಾಗ ಮಾಸ್ಟ್ರ ಬೆನ್ನು ತಾನಾಗಿ ಬಾಗಿತು. ಅವರು ಚೀಟಿ ತೆಗೆದು ಕೊಳವೆಯ ಚಿತ್ರ ತೋರಿಸಿದರು. ಸಣ್ಣ ಕರುಳು ಎಂದರೇನು, ಹುಣ್ಣು ಎಲ್ಲಿ ಆಗುತ್ತದೆ, ಗೋಡೆ ಎಷ್ಟು ತೆಳ್ಳಗೆ ಎಂದು ಏಳನೇ ತರಗತಿಗೆ ಹೇಳುವಂತೆ ಕ್ರಮವಾಗಿ ಹೇಳಿದರು.

“ಉದ್ದ ಎಷ್ಟುಂಟು ಅಂದ್ರಿ ಈ ಕರುಳು?”

“ದೊಡ್ಡವರಲ್ಲಿ ಇಪ್ಪತ್ತು ಅಡಿ ಧಣಿಗಳೆ. ಮಕ್ಕಳಲ್ಲಿ ಸ್ವಲ್ಪ ಕಮ್ಮಿ.”

“ಅಷ್ಟುದ್ದದ ಕರುಳಿನಲ್ಲಿ ಒಂದು ಚೂರು ಲಾಡಿಗೆ ಜಾಗ ಇಲ್ವಾ ಮಾರಾಯ್ರೆ?” ಧಣಿಗಳು ಸುತ್ತ ನಿಂತವರನ್ನು ನೋಡಿ ನಕ್ಕರು, ಸುತ್ತ ನಿಂತವರೂ ನಕ್ಕರು. “ನನ್ನ ಮಾತಿಗೆ ಮಂಚ ಕೊಟ್ಟ ಡಾಕ್ಟ್ರು ನನ್ನ ಲಾಡು ಬೇಡ ಅಂತಾರಾ?”

“ಹಾಗಲ್ಲ ಧಣಿಗಳೆ. ಬಾಯಿಯ ಹತ್ತಿರ ಹಿಡಿದ ಹಾಗೆ ಮಾಡಿದ್ರೆ...”

“ಬಾಯಿ ತೆರೆದು ಕಚ್ಚಿದ ಹಾಗೆ ಬೇಕು,” ಎಂದು ಫೋಟೋದವನು ಕಪ್ಪು ಬಟ್ಟೆಯೊಳಗಿಂದ ಹೇಳಿದ. “ಇಲ್ಲದಿದ್ರೆ ಧಣಿಗಳು ಮಗುವಿಗೆ ಹೊಡೀಲಿಕ್ಕೆ ಹೊರಟ ಹಾಗೆ ಕಾಣ್ತದೆ.”

ಕಚ್ಚಿದ ಹಾಗೆ ನಟಿಸುವ ಸ್ಥಿತಿಯಲ್ಲಿ ಪಂಕು ಇರಲಿಲ್ಲ. ಆ ಬಾಯಿ ಒಮ್ಮೆ ತೆರೆದರೆ ಧಣಿಗಳ ಬೆರಳೂ ಉಳಿಯುತ್ತಿರಲಿಲ್ಲ.

“ಮಗುವೇ ಆಸೆಪಡ್ತಾ ಉಂಟು, ನೋಡಿ,” ಎಂದು ಧಣಿಗಳು ಧ್ವನಿ ತಗ್ಗಿಸಿದರು. ಆ ತಗ್ಗಿದ ಧ್ವನಿಯಲ್ಲಿ ಮ್ಯಾನೇಜರ್ ಇದ್ದರು. “ನಿಮಗೆ ಒಂದು ಮಗು. ನನಗೆ ಇಡೀ ಫಿರ್ಕದ ಊರುಗಳು. ನಾಳೆ ಇವರೆಲ್ಲ ಎಂತ ಹೇಳ್ಬೇಕು, ಮಾಸ್ಟ್ರು ಧಣಿಗಳ ಕೈ ತಡೆದ್ರು ಅಂತಲಾ? ಹೋಗಿ ಕೂತ್ಕೊಳ್ಳಿ.”

ಮಾಸ್ಟ್ರು ಹೋಗಿ ತಮ್ಮ ಸ್ಟೂಲಿನಲ್ಲಿ ಕೂತರು. ಹೆಂಗಸರ ಬೆಂಚಿನ ತುದಿಯಲ್ಲಿದ್ದ ಈಶ್ವರಿ ಎದ್ದು, ವೇದಿಕೆಯ ಬದಿಯ ಕಂಬದ ಹತ್ತಿರ ಬಂದು ನಿಂತಳು.

“ಒಪ್ಪಿದ್ರಾ?”

ಮಾಸ್ಟ್ರು ಇಲ್ಲವೆಂದು ತಲೆಯಾಡಿಸಿದರು.

“ಆ ಲಾಡು ಅವಳ ಬಾಯಿಗೆ ಹೋದ್ರೆ ನಾನು ಮೇಲೆ ಹತ್ತುವವಳೇ. ಮತ್ತೆ ನಿಮ್ಮ ಸಭೆ, ನಿಮ್ಮ ಧಣಿ, ನಿಮ್ಮ ಕೆಲಸ, ಎಂತ ಬೇಕಾದ್ರೂ ಆಗ್ಲಿ.”

“ಹೋದ ಮೇಲೆ ಹತ್ತಿ ಎಂತ ಪ್ರಯೋಜನ?” ಎಂದರು ಮಾಸ್ಟ್ರು, ಲೆಕ್ಕದ ಮಾಸ್ಟ್ರಂತೆ.

“ಅದಕ್ಕೇ ನಿಮಗೆ ಈಗ ಹೇಳುದು.”

ಸಭೆ ನಾಲ್ಕೂವರೆಗೆ ಶುರುವಾಯಿತು. ಮನೆಯಲ್ಲಿ ಪಂಕುವಿನ ಅಜ್ಜಿ ಅಪ್ಪಿ ಗಂಜಿತಿಳಿ ಸೋಸಿಟ್ಟು ಅರ್ಧ ಗಂಟೆ ದಾಟಿರಬೇಕು. ಸುಂದರ ರಾಯರು ಹಾಜರಿದ್ದವರನ್ನೂ ಹಾಜರಿಲ್ಲದವರನ್ನೂ ಸ್ವಾಗತಿಸಿದರು. ವೈದ್ಯ ಪಂಡಿತರು ವಿಷಮಜ್ವರದ ಬಗ್ಗೆ ನಾಲ್ಕು ಮಾತು ಎಂದು ಎದ್ದು, ಜ್ವರಗಳು ಎಂಟು ಬಗೆಯೆಂದು ಹೇಳಿ, ಮೂರನ್ನು ವಿವರಿಸಿ, ತಾನು ಕೊಟ್ಟ ಕಷಾಯ ನಿಧಾನವಾಗಿ ಕೆಲಸ ಮಾಡುವಂಥದ್ದೆಂದೂ ಅದು ಮಗು ಮಂಗಳೂರಿನಲ್ಲಿದ್ದಾಗ ಕೆಲಸ ಮಾಡಿತೆಂದೂ ತಿಳಿಸಿದರು. ಬಿನ್ನವತ್ತಳೆ ಓದುವ ಹೊತ್ತಿಗೆ ಐದೂಕಾಲು. ಅದನ್ನು ಹಿಂದಿನ ವರ್ಷ ನಿವೃತ್ತರಾದ ಸವಣೂರಿನ ಪೋಸ್ಟ್‌ಮಾಸ್ಟ್ರಿಗಾಗಿ ಬರೆದದ್ದರಿಂದ ಹೆಸರು ಮಾತ್ರ ಬದಲಿಸಿ ಉಳಿಸಿಕೊಂಡಿದ್ದರು. ‘ತಮ್ಮ ಮಿತಭಾಷಿತ್ವ, ಶಿಸ್ತು ಹಾಗೂ ಸಾರ್ವಜನಿಕರೊಡನೆ ತಾವು ನಡೆದುಕೊಂಡ ಸೌಜನ್ಯವನ್ನು ಈ ಊರು ಮರೆಯದು. ತಮ್ಮ ಮುಂದಿನ ವಿಶ್ರಾಂತ ಜೀವನ ಸುಖಮಯವಾಗಲಿ.’ ಜನ ಚಪ್ಪಾಳೆ ತಟ್ಟಿದರು. ಪಂಕು ಲಾಡಿನಿಂದ ಕಣ್ಣು ತೆಗೆಯಲಿಲ್ಲ.

ಸ್ಟೂಲಿನ ಮೇಲೆ ಕೂತ ಮಾಸ್ಟ್ರಿಗೆ ಚಪ್ಪರ ಪೂರ್ತಿ ಕಾಣುತ್ತಿತ್ತು. ಅವರು ದಾರಿ ಹುಡುಕುತ್ತಿದ್ದರು. ಎದ್ದು ‘ಬೇಡ’ ಎಂದು ಕೂಗಬಹುದು; ನಾಳೆಗೆ ಕೆಲಸ ಉಳಿಯುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಓಡಬಹುದು; ಮೆಟ್ಟಿಲಿನಲ್ಲಿ ಬ್ಯಾಂಡಿನವನು ಡೋಲು ಇಟ್ಟುಕೊಂಡು ಕೂತಿದ್ದ. ಹನ್ನೊಂದು ವರ್ಷಗಳಲ್ಲಿ ಈ ವೇದಿಕೆಯ ಮೇಲೆ ತನಗೆ ಸಿಕ್ಕಿದ್ದ ಅಧಿಕಾರ ಒಂದೇ, ಸಭೆ ಮುಗಿಸುವುದು. ಅದು ಅಧಿಕಾರವೆಂದು ಅವರಿಗೆ ಅಲ್ಲಿಯವರೆಗೆ ತೋರಿರಲಿಲ್ಲ.

“ಈಗ ನಮ್ಮೆಲ್ಲರ ಕಣ್ಮಣಿ, ಪೂಜ್ಯ ಅಧ್ಯಕ್ಷರು...” ಎಂದು ಸುಂದರ ರಾಯರು ಮೈಕಿನಲ್ಲಿ ಶುರುಮಾಡಿದರು. ಧಣಿಗಳು ಎದ್ದು, ಶಾಲು ಸರಿಮಾಡಿಕೊಂಡು, ಲಾಡನ್ನು ಕೈಗೆತ್ತಿಕೊಂಡರು. ಪಂಕುವಿನ ಬಾಯಿ ತೆರೆಯಿತು. ಫೋಟೋದವನು ಬಟ್ಟೆಯೊಳಗೆ ಹೊಕ್ಕ.

ಮಾಸ್ಟ್ರು ಸ್ಟೂಲಿನಿಂದ ಎದ್ದು ಮೇಜಿನತ್ತ ನಾಲ್ಕು ಹೆಜ್ಜೆ ಇಟ್ಟರು.

ಅವರು ಬಂದದ್ದನ್ನು ನೋಡಿ ಸುಂದರ ರಾಯರು, ಹನ್ನೊಂದು ವರ್ಷಗಳ ಅಭ್ಯಾಸಬಲದಿಂದ, ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಮೈಕಿನಿಂದ ಸರಿದು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಮುಂಡು ಕೊಡವಿದರು.

“ಮಾನ್ಯ ಅಧ್ಯಕ್ಷರೇ,” ಎಂದರು ಮಾಸ್ಟ್ರು.

ಇಡೀ ಚಪ್ಪರ ಎದ್ದಿತು. ಅಧ್ಯಕ್ಷ ಭಾಷಣ ಆಗಿಲ್ಲವೆಂದು ಹೇಳುವಷ್ಟು ಎಚ್ಚರವಾಗಿ ಕೇಳುತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ಹೆಂಗಸರು ಮಕ್ಕಳ ಕೈ ಹಿಡಿದರು. ಕುರ್ಚಿಯವರು ಕುರ್ಚಿಗೆ ಕೈ ಹಾಕಿದರು. ಲಾಡು ಹಿಡಿದ ಧಣಿಗಳ ಕೈ ಗಾಳಿಯಲ್ಲಿ ನಿಂತಿತು.

“ಎಂತ ಮಾರಾಯ್ರೆ ಇದು?” ಎಂದರು ಧಣಿಗಳು. ಮೈಕ್ ಮಾಸ್ಟ್ರ ಎದುರಿಗಿತ್ತು. ಧಣಿಗಳ ಮಾತು ಲಾಡಿಗೆ ಮಾತ್ರ ಕೇಳಿಸಿತು.

“ಮೊತ್ತಮೊದಲಾಗಿ,” ಎಂದು ಮಾಸ್ಟ್ರು ಮುಂದುವರಿಸಿದರು. ಧ್ವನಿ ತನಗೆ ಗೊತ್ತಿದ್ದ ಹಾದಿಯಲ್ಲಿ ತಾನಾಗಿ ಹೋಯಿತು. “ಮೊತ್ತಮೊದಲಾಗಿ ಇಂದಿನ ಅಧ್ಯಕ್ಷರಿಗೆ ವಂದನೆಗಳು. ಮಗುವಿನ ಕರುಳು ಇನ್ನೂ ಮಾಗಿಲ್ಲ, ಗಟ್ಟಿ ಒಂದು ಚೂರು ಹೋದರೂ ಜೀವಕ್ಕೆ ಅಪಾಯ ಎಂದು ತಿಳಿದು, ಇಷ್ಟು ದೊಡ್ಡ ಲಾಡನ್ನು ಕೈಯಲ್ಲಿ ಹಿಡಿದೂ ಕೊಡದೆ ಉಳಿಸಿಕೊಂಡ ಅವರ ದೊಡ್ಡ ಮನಸ್ಸಿಗೆ ನಾನೂ ನನ್ನ ಕುಟುಂಬವೂ ಋಣಿ. ಇನ್ನು ಹದಿನಾಲ್ಕು ದಿನ ಮನೆಗೆ ಬರುವಾಗ ಬಿಸ್ಕತ್ತು, ಬನ್ನು, ಹಲಸಿನ ಹಪ್ಪಳ ಮುಂತಾದ ಯಾವುದನ್ನೂ ತಾರದೆ ಸಹಕರಿಸಲಿರುವ ಊರ ಹತ್ತು ಸಮಸ್ತರಿಗೂ ವಂದನೆಗಳು. ಕುರ್ಚಿ, ಮೈಕು, ಡೋಲಿನವರಿಗೆ ವಂದನೆಗಳು. ಇಷ್ಟು ಹೇಳಿ ಸಭೆಯನ್ನು ಮುಕ್ತಾಯಗೊಳಿಸುತ್ತೇನೆ.”

ಆ ಕೊನೆಯ ವಾಕ್ಯ ಕಿವಿಗೆ ಬಿದ್ದದ್ದೇ ವೇದಿಕೆಯ ಬದಿಯಲ್ಲಿ ನಿಂತಿದ್ದ ಏಳನೆಯ ತರಗತಿಯ ಇಬ್ಬರು ಹುಡುಗಿಯರು, ಯಾರೂ ಹೇಳದೆ, ಯಾರನ್ನೂ ಕೇಳದೆ ರಾಷ್ಟ್ರಗೀತೆ ಎತ್ತಿದರು. ಅವರಿಗೆ ಅದನ್ನು ಹಾಗೆಯೇ ಕಲಿಸಲಾಗಿತ್ತು.

ಎಲ್ಲರೂ ಇದ್ದಲ್ಲಿಯೇ ನಿಂತರು. ರಸ್ತೆಗೆ ಇಳಿದಿದ್ದವರು ರಸ್ತೆಯಲ್ಲಿ, ಕುರ್ಚಿ ಎತ್ತಿದ್ದವರು ಕುರ್ಚಿ ಎತ್ತಿಕೊಂಡು. ಚುನಾವಣೆಗೆ ನಿಂತವರು ರಾಷ್ಟ್ರಗೀತೆಗೆ ಅಲುಗಾಡುವಂತಿಲ್ಲ. ಧಣಿಗಳು ಎದೆ ಸೆಟೆಸಿ, ಲಾಡು ಹಿಡಿದ ಕೈಯನ್ನು ತೊಡೆಗೆ ಒತ್ತಿ, ಐವತ್ತೆರಡು ಸೆಕೆಂಡಿನ ಗೀತೆಯನ್ನು ಹುಡುಗಿಯರು ಒಂದೂವರೆ ನಿಮಿಷ ಎಳೆಯುವವರೆಗೆ ಕಂಬದಂತೆ ನಿಂತರು. ‘ಧಣಿಗಳು ಲಾಡು ಎತ್ತಿದ ಮೇಲೆ ಒತ್ತು’ ಎಂದು ಹೇಳಿಸಿಕೊಂಡಿದ್ದ ಫೋಟೋದವನು ಆಗಲೇ ಒತ್ತಿದ.

ಗೀತೆ ಮುಗಿಯಿತು. ರಾಷ್ಟ್ರಗೀತೆಯ ನಂತರ ಪೆಜಕೋಡಿಯಲ್ಲಿ ಏನೂ ನಡೆದ ದಾಖಲೆಯಿಲ್ಲ. ಮಾಸ್ಟ್ರು ಹಾರದೊಳಗಿಂದ ಮಗಳನ್ನು ಬಿಡಿಸಿ ಎತ್ತಿಕೊಂಡು ಕೆಳಗಿಳಿದರು. ಈಶ್ವರಿ ಆಗಲೇ ಕಾರಿನ ಬಾಗಿಲು ಹಿಡಿದು ಕೂತಿದ್ದಳು.

ಕಾರು ಹೊರಟ ಮೇಲೆ ಪಂಕುವಿಗೆ ಏನಾಯಿತೆಂದು ಅರಿವಾಯಿತು. ಇಪ್ಪತ್ತನಾಲ್ಕು ದಿನ ಸೂಜಿಗೂ ಅಳದಿದ್ದವಳು ಕಿರುಚಿ ಅತ್ತಳು.

“ಅಪ್ಪ ಕೆಟ್ಟವರು! ಧಣಿಗಳು ಕೊಡ್ಲಿಕ್ಕೆ ಬಂದ್ರು! ಅಪ್ಪ ಭಾಷಣ ಮಾಡಿದ್ದು! ಧಣಿಗಳು ಒಳ್ಳೆಯವರು!”

“ಹೋಗ್ಲಿ, ಧಣಿಗಳಿಗೆ ಒಂದು ಓಟಾದ್ರೂ ಆಯ್ತು,” ಎಂದ ಕುಂಞಿ ಮೋನು.

ಮನೆಯಲ್ಲಿ ಅಪ್ಪಿಯ ಮಡಿಲಲ್ಲಿ ಕೂತು ಅವಳು ಎರಡು ಬಟ್ಟಲು ಗಂಜಿತಿಳಿ ಕುಡಿದಳು. ಅಜ್ಜಿಯ ಕೈಯಿಂದ ಮಾತ್ರ. ಮಾಸ್ಟ್ರು ಹತ್ತಿರ ಬಂದರೆ ಗೋಡೆಯ ಕಡೆಗೆ ತಿರುಗಿದಳು. ಮುಸ್ಸಂಜೆಗೆ ಸುಂದರ ರಾಯರು ಬಂದು ಜಗಲಿಯಲ್ಲಿ ಕೂತು, ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು.

“ಧಣಿಗಳು ಉರೀತಾ ಇದ್ದಾರೆ ಮಾಸ್ಟ್ರೆ. ಹದಿನೇಳು ಪುಟದ ಭಾಷಣ ಕಿಸೆಯಲ್ಲೇ ಬಾಕಿ. ಪತ್ರಿಕೆಯ ಕ್ರಮ ತಪ್ಪಿಸಿದ್ದು ಯಾಕೆ ಅಂತ ನಾಳೆ ಹತ್ತು ಗಂಟೆಯೊಳಗೆ ಬರೆದು ಕೊಡ್ಬೇಕಂತೆ. ಗಾಬರಿಯಲ್ಲಿ ತಪ್ಪಾಯ್ತು ಅಂತ ಬರೀರಿ, ನಾನು ಕೈಕಾಲು ಹಿಡೀತೇನೆ.”

“ಬೇಕಂತಲೇ ಮಾಡಿದ್ದು ಅಂತ ಬರೀತೇನೆ,” ಎಂದರು ಮಾಸ್ಟ್ರು. ಹೇಳಿದ ಮೇಲೆ ತಾನೇ ಹೇಳಿದ್ದೋ ಎಂದು ಹಿಂದೆ ತಿರುಗಿ ನೋಡಿದರು. ಬಾಗಿಲಲ್ಲಿ ಈಶ್ವರಿ ನಿಂತಿದ್ದಳು, ಅವಳೇನೂ ಹೇಳಿರಲಿಲ್ಲ.

ಮಾಸ್ಟ್ರು ಬರೆದೂ ಬರೆದರು, ಮೂರು ಸಾಲು. ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೊರಡುವಷ್ಟರಲ್ಲಿ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಧಣಿಗಳೇ ಬಂದಿದ್ದರು. ಹಿಂದೆ ಏಳೆಂಟು ಮಂದಿ, ಅವರ ಹಿಂದೆ ಕುಂಞಿ ಮೋನು. ಧಣಿಗಳ ಮುಖದಲ್ಲಿ ಉರಿಯ ಗುರುತಿರಲಿಲ್ಲ.

ಆದದ್ದು ಇಷ್ಟು. ಎದ್ದುಹೋಗುತ್ತಿದ್ದ ಜನ ವಂದನಾರ್ಪಣೆಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡದ್ದನ್ನು ರಾತ್ರಿಯಿಡೀ ಮನೆಮನೆಯಲ್ಲಿ ಪೂರ್ತಿ ಮಾಡಿದ್ದರು. ಬೆಳಗಿನ ಚಹಾದ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿತ್ತು: ಗಟ್ಟಿ ಕೊಡಬಾರದೆಂದು ಮಾಸ್ಟ್ರಿಗೆ ಗೊತ್ತೇ ಇರಲಿಲ್ಲವಂತೆ. ಲಾಡು ಬಾಯಿಯ ಹತ್ತಿರ ಹೋದಾಗ ಧಣಿಗಳಿಗೆ ಡಾಕ್ಟರರ ಮಾತು ನೆನಪಾಯಿತಂತೆ. ಫೋಟೋ ಹೋದರೆ ಹೋಗಲಿ, ಮಗು ಮುಖ್ಯ ಎಂದು ಕೈ ಹಿಂದೆ ತೆಗೆದರಂತೆ. ಎರಡೂ ಅಂಗಡಿಗಳಲ್ಲಿ ಜನ ಎದ್ದು ನಿಂತು ಕೈ ಮುಗಿದಾಗ ಧಣಿಗಳು ಅಲ್ಲಗಳೆಯಲಿಲ್ಲ. ಮೀಸೆ ನೀವಿಕೊಂಡರು.

“ಮಾಸ್ಟ್ರೆ, ಮಗು ಹೇಗುಂಟು?” ಎಂದು ಈಗ ಅವರು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ಮಾಸ್ಟ್ರು ಚಾಚಿದ ಕಾಗದವನ್ನು ನೋಡದೆ ಕೈಯಿಂದ ಆಚೆ ಸರಿಸಿದರು. “ಅದೆಲ್ಲ ಎಂತಕ್ಕೆ? ನೀವು ಸರಿಯಾದ ಹೊತ್ತಿಗೆ ವಂದಿಸಿದ್ರಿ. ನಾನೇ ಕಣ್ಣಲ್ಲಿ ಸನ್ನೆ ಮಾಡಿದ್ದಲ್ವಾ?”

ಮಾಸ್ಟ್ರು ಒಂದು ಕ್ಷಣ ಮೂರು ಸಾಲಿನ ಕಾಗದವನ್ನೂ, ಅಂಗಳದ ಜನರನ್ನೂ ನೋಡಿದರು. ಬಂದವರಲ್ಲಿ ಇಬ್ಬರ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಒಬ್ಬಾಕೆಯ ಸೆರಗಿನಡಿಯಲ್ಲಿ ಹಪ್ಪಳದ ವಾಸನೆ. ತಾನೊಬ್ಬನೇ ಹದಿನಾಲ್ಕು ದಿನ ಇವರನ್ನು ತಡೆಯಲಾರೆನೆಂದು ಅವರಿಗೆ ಗೊತ್ತಿತ್ತು.

“ಹೌದು ಧಣಿಗಳೆ,” ಎಂದರು. “ನಿಮ್ಮ ಸನ್ನೆ.”

“ಕೇಳಿದ್ರಲ್ಲ?” ಧಣಿಗಳು ಜನರತ್ತ ತಿರುಗಿದರು. “ಯಾರೂ ಈ ಮನೆಗೆ ಗಟ್ಟಿ ಪದಾರ್ಥ ತರ್ಲಿಕ್ಕಿಲ್ಲ. ಹದಿನಾಲ್ಕು ದಿನ. ನಾನು ಹೇಳಿದ್ದು.” ಬಿಸ್ಕತ್ತಿನ ಪೊಟ್ಟಣಗಳು ಬೆನ್ನ ಹಿಂದೆ ಹೋದವು. ಡಾಕ್ಟರರ ಕೊಳವೆಯ ಚಿತ್ರಕ್ಕೆ ಆಗದಿದ್ದದ್ದು ಒಂದು ಉಸಿರಿಗೆ ಆಯಿತು. ಮಾಸ್ಟ್ರು ತಮ್ಮ ಕಾಗದವನ್ನು ನಾಲ್ಕಾಗಿ ಹರಿದರು.

ಧ್ವನಿ ಕೇಳಿ ಪಂಕು ಅಜ್ಜಿಯ ಸೆರಗು ಹಿಡಿದು ಜಗಲಿಗೆ ಬಂದಿದ್ದಳು. ಧಣಿಗಳು ಮುಖ ಅರಳಿಸಿ ಬಾಗಿದರು.

“ಬಾ ಮಗಾ. ನಿನ್ನೆ ಲಾಡು ಕೊಡದೆ ನಿನ್ನ ಜೀವ ಉಳಿಸಿದ್ದು ಯಾರು, ಹೇಳು ನೋಡುವ?”

ಪಂಕು ಅಪ್ಪನನ್ನು ನೋಡಿದಳು.

“ಅಪ್ಪ ಅಲ್ಲ ಮಗಾ, ನಾನು!”

ಮಗು ಇದನ್ನು ಸ್ವಲ್ಪ ಹೊತ್ತು ಯೋಚಿಸಿತು. ಒಂದಿಡೀ ರಾತ್ರಿ ತಪ್ಪು ಮಾಡದವರ ಮೇಲೆ ಮುನಿಸಿಕೊಂಡಿದ್ದೆನೆಂಬುದು ಮೆಲ್ಲಗೆ ಅದರ ಮುಖದಲ್ಲಿ ಇಳಿಯಿತು.

“ಲಾಡು ಕೊಡದ್ದು ನೀವಾ?” ಎಂದಳು. ತುಟಿ ಅದುರಿತು. ಆಮೇಲೆ ಅಂಗಳದಾಚೆಗೂ ಕೇಳುವಂತೆ ಬಾಯಿ ತೆರೆದು ಅತ್ತಳು. “ನೀವಾ! ಹೋಗಿ! ನಮ್ಮ ಮನೆಗೆ ಬರ್ಬೇಡಿ!”

ಹಿಂದೆ ಯಾರೋ ನಗು ತಡೆದುಕೊಂಡರು. ಧಣಿಗಳು ಬಾಗಿದಲ್ಲಿಂದ ನಿಧಾನವಾಗಿ ನೆಟ್ಟಗಾದರು. ಈ ಸಲ ಮೀಸೆಗೆ ಕೈ ಹೋಗಲಿಲ್ಲ.

ಅಳುತ್ತಲೇ ಪಂಕು ಜಗಲಿ ದಾಟಿ ಬಂದು ಮಾಸ್ಟ್ರ ಮುಂಡು ಹಿಡಿದು ಎರಡೂ ಕೈ ಮೇಲೆತ್ತಿದಳು. ಅವರು ಎತ್ತಿಕೊಂಡರು. ಇಪ್ಪತ್ತನಾಲ್ಕು ದಿನಗಳ ಹಿಂದೆ ಇದ್ದದ್ದರ ಮುಕ್ಕಾಲು ಭಾರವೂ ಇರಲಿಲ್ಲ. ಈಶ್ವರಿ ಒಳಗಿನಿಂದ ಬಟ್ಟಲು ತಂದು ಗಂಡನ ಕೈಗೆ ಕೊಟ್ಟಳು. ಧಣಿಗಳೂ ಅವರ ಹಿಂಬಾಲಕರೂ ನೋಡುತ್ತಿದ್ದಂತೆ, ಬಿಕ್ಕುತ್ತಾ, ನಡುನಡುವೆ ಅವರನ್ನು ದುರುಗುಟ್ಟಿ ನೋಡುತ್ತಾ, ಪಂಕು ಅಪ್ಪನ ಕೈಯಿಂದ ಗಂಜಿತಿಳಿಯನ್ನು ಕೊನೆಯ ಹನಿಯವರೆಗೆ ಕುಡಿದಳು.